ಮೋಡದ ಮನೆಯಲ್ಲಿ ಮೂಲಪ್ರತಿ

ಮದುವೆ ಮುಗಿದು ಒಂದು ತಿಂಗಳಾಗುವಷ್ಟರಲ್ಲಿ ದಾವಣಗೆರೆಯ ಮನೆಗಳಲ್ಲಿ ಒಂದು ಸಂಭಾಷಣೆ ತಪ್ಪದೆ ನಡೆಯುತ್ತದೆ. “ಫೋಟೋ ಬಂತೇ?” ಎಂದು ನೆಂಟರ ಪ್ರಶ್ನೆ, “ಬಂತು, ಲಿಂಕ್ ಕಳುಹಿಸಿದ್ದಾರೆ” ಎಂದು ಮನೆಯವರ ಉತ್ತರ. ಹಿಂದೆ ಇದೇ ಪ್ರಶ್ನೆಗೆ ಉತ್ತರವಾಗಿ ಮಖಮಲ್ಲಿನ ಹೊದಿಕೆಯ ಭಾರವಾದ ಆಲ್ಬಮ್ಮೊಂದು ನಡುಮನೆಯ ಮೇಜಿನ ಮೇಲೆ ಬಂದು ಕೂರುತ್ತಿತ್ತು. ಆಲ್ಬಮ್ ಈಗಲೂ ಬರುತ್ತದೆ, ಇಲ್ಲವೆಂದಲ್ಲ. ಆದರೆ ಅದರಲ್ಲಿರುವುದು ಆರಿಸಿ ತೆಗೆದ ಕೆಲವು ನೂರು ಚಿತ್ರಗಳು ಮಾತ್ರ. ಧಾರೆಯ ಗಳಿಗೆಯಲ್ಲಿ ಅಜ್ಜಿ ಕಣ್ಣೊರೆಸಿಕೊಂಡದ್ದು, ಮಕ್ಕಳು ಊಟದ ಪಂಕ್ತಿಯಲ್ಲಿ ಲಾಡುವಿಗಾಗಿ ಜಗಳವಾಡಿದ್ದು, ಇವೇ ಮೊದಲಾದ ಸಾವಿರಾರು ಚಿತ್ರಗಳು ಆ ಒಂದು ಸಾಲಿನ ವಿಳಾಸದ ಹಿಂದೆ ಎಲ್ಲಿಯೋ ಉಳಿದಿರುತ್ತವೆ. ಚಿತ್ರಗಳು ತಮ್ಮ ಕೈಸೇರಿದುವೆಂದು ಮನೆಯವರು ನೆಮ್ಮದಿಯಿಂದಿರುತ್ತಾರೆ. ವಾಸ್ತವವಾಗಿ ಅವರ ಕೈಸೇರಿದುದು ಚಿತ್ರಗಳಲ್ಲ, ಚಿತ್ರಗಳಿರುವ ಮನೆಯ ವಿಳಾಸ. ಆ ಮನೆಯೋ ಛಾಯಾಗ್ರಾಹಕನ ಹೆಸರಿನಲ್ಲಿ ತಿಂಗಳ ಬಾಡಿಗೆಗೆ ಹಿಡಿದದ್ದು.

ಮದುವೆಯ ಚಿತ್ರಗಳ ಮಾತು ಮಾತ್ರವೇ ಅಲ್ಲ. ಹತ್ತಿಯ ಗಿರಣಿಗಳಿಂದ ಹೆಸರಾಗಿ, ಆ ಬಳಿಕ ವಿದ್ಯಾಲಯಗಳಿಂದ ಹೆಸರಾದ ಈ ನಗರದಲ್ಲಿ ಚಿತ್ರಕಲೆಯನ್ನು ಕಲಿಸುವ ದೃಶ್ಯಕಲಾ ಮಹಾವಿದ್ಯಾಲಯವೂ ಉಂಟು. ಅಲ್ಲಿಂದಲೋ ಸ್ವಂತ ಅಭ್ಯಾಸದಿಂದಲೋ ಕೈ ಪಳಗಿಸಿಕೊಂಡ ವಿನ್ಯಾಸಕಾರರೂ ಉಂಟು. ಲಗ್ನಪತ್ರಿಕೆ, ಅಂಗಡಿಯ ಲಾಂಛನ, ಶಾಲೆಯ ವಾರ್ಷಿಕ ಸಂಚಿಕೆ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಸ್ವಾಗತ ಕೋರುವ ಫಲಕ, ಇವೆಲ್ಲವೂ ಇಂದು ಗಣಕಯಂತ್ರದೊಳಗಿನ ಕಡತಗಳಾಗಿಯೇ ಹುಟ್ಟುತ್ತವೆ. ಹದಿನಾಲ್ಕು ಕಿಲೋಮೀಟರ್ ಆಚೆ, ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಕಬ್ಬಿಣ ಕೊರೆಯುವವನ ನಕ್ಷೆಯೂ ಹಾಗೆಯೇ. ಕಡತವೇ ಬಂಡವಾಳ, ಕಡತವೇ ಸರಕು. ಆ ಬಂಡವಾಳವನ್ನು ಇಡುವ ಸ್ಥಳಕ್ಕೆ ಕ್ಲೌಡ್, ಎಂದರೆ ಮೋಡ, ಎಂಬ ಸುಂದರವಾದ ಹೆಸರನ್ನು ಯಾರೋ ಇಟ್ಟುಬಿಟ್ಟರು. ಹೆಸರೇ ಜನರನ್ನು ಅರ್ಧ ಮೋಸಗೊಳಿಸಿತು.

ಮೋಡದಲ್ಲಿ ಇಟ್ಟ ಕಡತ ಆಕಾಶಕ್ಕೇನೂ ಹಾರುವುದಿಲ್ಲ. ಅದು ದಾರಿಯ ಬದಿಯ ತಂತಿಯನ್ನು ಹಿಡಿದು ನೆಲದ ಮೇಲೆಯೇ ಸಾಗಿ, ದೂರದ ಯಾವುದೋ ಊರಿನ ಕಾವಲುಳ್ಳ ಕಟ್ಟಡವೊಂದರಲ್ಲಿ ಹಗಲಿರುಳೂ ತಿರುಗುವ ಯಂತ್ರಗಳ ಸಾಲಿಗೆ ಸೇರುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆ 2015ರಲ್ಲಿ ಪುಣೆ, ಚೆನ್ನೈ, ಮುಂಬಯಿಗಳಲ್ಲಿಯೂ, ಅಮೆಜಾನ್ 2016ರಲ್ಲಿ ಮತ್ತು ಗೂಗಲ್ 2017ರಲ್ಲಿ ಮುಂಬಯಿಯಲ್ಲಿಯೂ ಇಂತಹ ಕೇಂದ್ರಗಳನ್ನು ತೆರೆದುವು. ಅವಕ್ಕೂ ವಿದ್ಯುತ್ತು ಬೇಕು, ತಂಪು ಬೇಕು, ಬೆಂಕಿಯ ಭಯವೂ ಉಂಟು. ಆದರೂ ಮನೆಯ ಬೀರುವಿನಲ್ಲಿ ಬಿದ್ದಿರುವ ಒಂದು ಹಾರ್ಡ್ ಡಿಸ್ಕಿಗಿಂತ ಅವು ಎಷ್ಟೋ ಪಾಲು ಸುಭದ್ರವೆಂಬುದರಲ್ಲಿ ಸಂದೇಹವಿಲ್ಲ. ದೋಷವಿರುವುದು ಕಟ್ಟಡದಲ್ಲಲ್ಲ, ಅದನ್ನು ಬಳಸುವ ಕ್ರಮದಲ್ಲಿ. ಆ ಕ್ರಮ ಹೇಗಿರಬೇಕೆಂಬುದನ್ನು ಕಲಿಯಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ, ಹರಿಹರದವರೆಗೆ ಹೋದರೆ ಸಾಕು.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪಿತವಾಯಿತು. ಅದಿದ್ದ ಸ್ಥಳಕ್ಕೆ ಯಂತ್ರಪುರವೆಂಬ ಹೆಸರೇ ಬಂದಿತು. ಅಲ್ಲಿ ತಯಾರಾದ ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಲೇತುಗಳು ದೇಶದ ಮೂಲೆಮೂಲೆಯ ಕಾರ್ಯಾಗಾರಗಳಿಗೆ ಹೋದುವು. ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋದರೂ ಲೇತುಗಳು ಎಷ್ಟೋ ಕಡೆ ಇನ್ನೂ ತಿರುಗುತ್ತಿವೆ. ಒಂದು ಲೇತೆಂದರೆ ನೂರಾರು ಬಿಡಿಭಾಗಗಳು; ಪ್ರತಿಯೊಂದು ಭಾಗಕ್ಕೂ ಒಂದು ನಕ್ಷೆ. ಆ ಕಾಲದ ಯಂತ್ರ ಕಾರ್ಖಾನೆಗಳಲ್ಲಿ ಈ ನಕ್ಷೆಗಳ ವಿಷಯವಾಗಿ ಇದ್ದ ಶಿಸ್ತು ದೇವಸ್ಥಾನದ ಆಭರಣಗಳ ವಿಷಯದಲ್ಲಿ ಇರುವ ಶಿಸ್ತಿಗಿಂತ ಕಡಿಮೆಯದಲ್ಲ. ಪಾರದರ್ಶಕ ಬಟ್ಟೆಯ ಅಥವಾ ಕಾಗದದ ಮೇಲೆ ಮಸಿಯಿಂದ ಬರೆದ ಮೂಲ ನಕ್ಷೆ, ಎಂದರೆ ಟ್ರೇಸಿಂಗು, ನಕ್ಷೆಯ ಕೊಠಡಿಯನ್ನು ಬಿಟ್ಟು ಹೊರಗೆ ಹೋಗುತ್ತಲೇ ಇರಲಿಲ್ಲ. ಹೊರಗೆ ಹೋಗುತ್ತಿದ್ದುದು ಅದರ ಪಡಿಯಚ್ಚು ಮಾತ್ರ.

ಪಡಿಯಚ್ಚು ತೆಗೆಯುವ ವಿದ್ಯೆ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದದ್ದು. ಕಬ್ಬಿಣದ ಎರಡು ಲವಣಗಳನ್ನು ಕರಗಿಸಿ ಕಾಗದಕ್ಕೆ ಬಳಿದು, ಅದರ ಮೇಲೆ ಮೂಲ ನಕ್ಷೆಯನ್ನು ಹಾಸಿ ಬಿಸಿಲಿಗೆ ಹಿಡಿದರೆ, ಬೆಳಕು ತಾಗಿದ ಭಾಗವೆಲ್ಲ ಗಾಢ ನೀಲಿಯಾಗಿ, ಗೆರೆಯಿದ್ದ ಕಡೆ ಮಾತ್ರ ಬಿಳಿಯಾಗಿ ಉಳಿಯುತ್ತದೆ. ನೀಲಿನಕ್ಷೆ ಎಂಬ ಮಾತು ಹುಟ್ಟಿದ್ದು ಹೀಗೆ. ಮುಂದೆ ಅಮೋನಿಯದ ವಿಧಾನ ಬಂದು ನೀಲಿ ಗೆರೆ ಬಿಳಿಯ ಕಾಗದಕ್ಕೆ ಏರಿತು. ಹೆಸರು ಮಾತ್ರ ಹಳೆಯದೇ ಉಳಿಯಿತು. ಪಡಿಯಚ್ಚಿಗೆ ಎಣ್ಣೆ ಮೆತ್ತಲಿ, ಅದು ಹರಿಯಲಿ, ಕಳೆದೇಹೋಗಲಿ, ಚಿಂತೆಯಿರಲಿಲ್ಲ, ಇನ್ನೊಂದು ತೆಗೆಯಬಹುದಾಗಿತ್ತು. ಅಳತೆಯಲ್ಲಿ ಕೂದಲೆಳೆಯಷ್ಟು ಬದಲಾವಣೆ ಬೇಕಾದರೂ ಅದನ್ನು ಮೂಲದಲ್ಲಿಯೇ ಮಾಡಿ, ಮೂಲೆಯ ಚೌಕದಲ್ಲಿ ಬದಲಾವಣೆಯ ಸಂಖ್ಯೆಯನ್ನೂ ತಾರೀಖನ್ನೂ ತಿದ್ದಿದವನ ಸಹಿಯನ್ನೂ ಬರೆದು, ಯಾರಿಗೆ ಯಾವ ಪ್ರತಿ ಹೋಯಿತೆಂದು ದಫ್ತರದಲ್ಲಿ ದಾಖಲು ಮಾಡಿ, ಹಳೆಯ ಪಡಿಯಚ್ಚುಗಳನ್ನು ಹಿಂದಕ್ಕೆ ಪಡೆದು ನಾಶಪಡಿಸುತ್ತಿದ್ದರು. ಹಳೆಯ ನಕ್ಷೆ ಒಂದೇ ಒಂದು ಕಾರ್ಯಾಗಾರದಲ್ಲಿ ಉಳಿದರೂ ಆ ತಿಂಗಳಿನ ನೂರು ಗಾಲಿಗಳು ಗುಜರಿಗೆ ಹೋಗಬೇಕಾಗುತ್ತಿತ್ತು.

ಹರಿಹರಕ್ಕೆ ಈ ಪದ್ಧತಿ ಹೊಸದೂ ಅಲ್ಲವೆನ್ನಬೇಕು. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನಗಳು ಇಂದಿಗೂ ಅಲ್ಲಿಯೇ ಇವೆ. ವಿದ್ವಾಂಸರ ಮೇಜಿಗೆ ಹೋದದ್ದು ಅವುಗಳ ಮೇಲೆ ಒದ್ದೆ ಕಾಗದವನ್ನೊತ್ತಿ ಮಸಿ ತಟ್ಟಿ ತೆಗೆದ ಪಡಿಯಚ್ಚು. ಕಲ್ಲು ನಿಂತಲ್ಲಿಯೇ ನಿಂತಿದೆ.

ಇಂದಿನ ವಿನ್ಯಾಸ ಕೇಂದ್ರಗಳಲ್ಲಿ ನಡೆಯುವುದಾದರೂ ಏನು? ಮೂಲ ಕಡತವೇ ಊರೆಲ್ಲ ತಿರುಗುತ್ತದೆ. ಲಾಂಛನದ ತಿದ್ದಬಲ್ಲ ಕಡತವನ್ನು ಗಿರಾಕಿಗೂ, ಮುದ್ರಕನಿಗೂ, ಗಿರಾಕಿಯ ಬಾವಮೈದುನನಿಗೂ ಕಳುಹಿಸಿ, ಮೂವರೂ ಮೂರು ರೀತಿಯಾಗಿ ತಿದ್ದಿ, ‘ಕೊನೆಯದು’, ‘ನಿಜವಾಗಿಯೂ ಕೊನೆಯದು’, ‘ಕೊನೆಯದು ಹೊಸತು’ ಎಂಬ ಹೆಸರುಗಳ ಕಡತಗಳು ಹುಟ್ಟಿಕೊಳ್ಳುತ್ತವೆ. ಅಂಗಡಿಯ ಫಲಕ ಯಾವುದರಿಂದ ಅಚ್ಚಾಯಿತೆಂಬುದು ಫಲಕ ಏರಿದ ಮೇಲೆಯೇ ಗೊತ್ತಾಗುವುದು. ಇನ್ನು ಕೆಲವರು ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸುತ್ತಾರೆ. ಹಾಗೆ ಕಳುಹಿಸಿದ ಚಿತ್ರವನ್ನು ಆ ಸಾಧನ ಹಿಂಡಿ ಚಿಕ್ಕದು ಮಾಡಿಬಿಡುತ್ತದೆ. ಅದನ್ನೇ ಮತ್ತೆ ದೊಡ್ಡದು ಮಾಡಿ ಮುದ್ರಿಸಿದಾಗ ಅಕ್ಷರದ ಅಂಚುಗಳು ಇಲಿ ಕಡಿದಂತೆ ಕಾಣುತ್ತವೆ. ಅದೇ ಕಡತವನ್ನು ದಾಖಲೆಯಾಗಿ ಕಳುಹಿಸಿದರೆ ಈ ಹಾನಿಯಿಲ್ಲ.

ನಕ್ಷೆಯ ಕೊಠಡಿಯ ನಿಯಮಗಳೆಲ್ಲವೂ ಮೋಡದಲ್ಲಿ ಅಣಕವಾಡದಂತೆ ದೊರೆಯುತ್ತವೆ ಎಂಬುದೇ ಸೋಜಿಗ. ಕಡತವನ್ನು ಹಂಚುವಾಗ ನೋಡಲು ಮಾತ್ರ, ಟಿಪ್ಪಣಿ ಬರೆಯಲು, ತಿದ್ದಲು ಎಂದು ಬೇರೆ ಬೇರೆ ಅಧಿಕಾರಗಳನ್ನು ಕೊಡಬಹುದು. ಗಿರಾಕಿಗೆ ಮೊದಲನೆಯದು ಅಥವಾ ಎರಡನೆಯದು ಸಾಕು. ಗೊತ್ತುಮಾಡಿದ ವ್ಯಕ್ತಿಗೆ ಮಾತ್ರ ಬಾಗಿಲು ತೆರೆಯುವಂತೆ ಮಾಡಬಹುದು. ಲಿಂಕ್ ಇರುವ ಯಾರಾದರೂ ನೋಡಬಹುದೆಂದು ಬಿಟ್ಟರೆ, ಬೀಗದ ಕೈಯನ್ನು ಹೊಸ್ತಿಲ ಮೇಲೆ ಇಟ್ಟು ಊರಿಗೆ ಹೋದಂತೆ. ಮದುವೆಯ ಚಿತ್ರಗಳಲ್ಲಿ ಹೆಣ್ಣುಮಕ್ಕಳ ಮುಖಗಳಿವೆ, ಮೈಮೇಲಿನ ಒಡವೆಗಳಿವೆ, ಮನೆಯ ಒಳಾಂಗಣವಿದೆ. ಆ ವಿಳಾಸ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ದಾಟುತ್ತ ಎಲ್ಲಿಗೆ ಹೋಗಿ ನಿಲ್ಲುವುದೆಂದು ಕಳುಹಿಸಿದವನೂ ಹೇಳಲಾರ.

ಗಾತ್ರದ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಎತ್ತರದ ಸ್ವಾಗತ ಫಲಕವನ್ನು ಅಂಗುಲಕ್ಕೆ 72 ಚುಕ್ಕೆಯಂತೆ ರಚಿಸಿದರೆ ಅದರಲ್ಲಿ ಸುಮಾರು 14 ಕೋಟಿ 93 ಲಕ್ಷ ಚುಕ್ಕೆಗಳು. ನಾಲ್ಕು ಮಸಿಗಳಿಗೆ ಚುಕ್ಕೆಯೊಂದಕ್ಕೆ ನಾಲ್ಕು ಬೈಟಿನಂತೆ ಸುಮಾರು 600 ಮೆಗಾಬೈಟು. ಮದುವೆಯ ಚಿತ್ರಗಳಾದರೆ, ಸಂಸ್ಕರಿಸದ ಕಚ್ಚಾಚಿತ್ರ ಒಂದಕ್ಕೆ 25 ಮೆಗಾಬೈಟೆಂದು ಹಿಡಿದರೂ 3,000 ಚಿತ್ರಗಳಿಗೆ 75 ಗಿಗಾಬೈಟು. ಗೂಗಲ್ ಧರ್ಮಾರ್ಥವಾಗಿ ಕೊಡುವ ಸ್ಥಳ 15 ಗಿಗಾಬೈಟು, ಅದೂ ಅಂಚೆ ಮತ್ತು ಸ್ವಂತ ಚಿತ್ರಗಳನ್ನೂ ಒಳಗೊಂಡು. ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ ಆ 75 ಗಿಗಾಬೈಟನ್ನು ಮೇಲಕ್ಕೆ ಕಳುಹಿಸಲು ಎಂಟು ಗಂಟೆ ಇಪ್ಪತ್ತು ನಿಮಿಷ ಬೇಕು. ನಡುವೆ ಕರೆಂಟು ಹೋಗದಿದ್ದರೆ! ಆದುದರಿಂದಲೇ ಅನೇಕರು ಕಳುಹಿಸುವಷ್ಟನ್ನು ಮಾತ್ರ ಕಳುಹಿಸಿ, ಕಚ್ಚಾಚಿತ್ರಗಳನ್ನು ಅಂಗಡಿಯ ಡಿಸ್ಕಿನಲ್ಲಿಯೇ ಉಳಿಸುತ್ತಾರೆ. ಆ ಡಿಸ್ಕು ಒಂದೇ ಆಗಿದ್ದಲ್ಲಿ ಮೂಲಪ್ರತಿಯ ಆಯುಸ್ಸು ಮುಂದಿನ ಸಿಡಿಲಿನವರೆಗೆ.

ಕನ್ನಡದ ಕೆಲಸದಲ್ಲಿ ಇನ್ನೊಂದು ತೊಡಕಿದೆ. ಇಂಗ್ಲಿಷಿನ ವಿನ್ಯಾಸಕಾರರಿಗೆ ಇದರ ಬಿಸಿ ಅಷ್ಟಾಗಿ ತಟ್ಟಿಲ್ಲ. 1998ರಲ್ಲಿ ‘ಬರಹ’ ಬಂದಿತು, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಸರ್ಕಾರ ಅಂಗೀಕರಿಸಿತು, ಪುಣೆಯ ‘ಶ್ರೀಲಿಪಿ’ಯೂ ಮುದ್ರಣಾಲಯಗಳಲ್ಲಿ ಬೇರೂರಿತು. ಈ ಹಳೆಯ ಅಕ್ಷರಮಾಲೆಗಳು ಕನ್ನಡದ ಆಕಾರಗಳನ್ನು ಇಂಗ್ಲಿಷಿನ ಸ್ಥಾನಗಳಲ್ಲಿ ಕೂರಿಸಿದ್ದುವು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಬಾಡಿಗೆಗೆ ಇದ್ದಂತೆ. ಕಡತವನ್ನು ತೆರೆದ ಯಂತ್ರದಲ್ಲಿ ಆ ಅಕ್ಷರಮಾಲೆ ಇದ್ದರೆ ‘ಶ್ರೀರಸ್ತು ಶುಭಮಸ್ತು’ ಚೆನ್ನಾಗಿ ಕಾಣುತ್ತದೆ. ಇಲ್ಲದಿದ್ದರೆ ಅದೇ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡು, ಲಗ್ನಪತ್ರಿಕೆ ಯಾವುದೋ ಗೂಢಲಿಪಿಯ ಪತ್ರದಂತೆ ಆಗುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಸ್ಥಾನ 1991ರಲ್ಲಿಯೇ ದೊರೆತಿತ್ತು. ಆದರೆ ನಮ್ಮ ಅಚ್ಚುಕೂಟಗಳ ಪ್ರೀತಿಯ ಪೇಜ್‌ಮೇಕರ್ ಅದನ್ನು ಅರಿಯದು. 2001ರಲ್ಲಿ ಬಂದ ಅದರ ಏಳನೆಯ ಆವೃತ್ತಿಯೇ ಕೊನೆಯದು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಕನ್ನಡವನ್ನು ಸರಿಯಾಗಿ ಜೋಡಿಸಲು ಕಲಿತದ್ದು 2012ರಲ್ಲಿ.

ಪರಿಣಾಮವೇನೆಂದರೆ, ಹದಿನೈದು ವರ್ಷಗಳ ಹಿಂದಿನ ಒಂದು ವಂಶವೃಕ್ಷವನ್ನೋ ಸಂಸ್ಮರಣ ಸಂಚಿಕೆಯನ್ನೋ ಮೋಡದಲ್ಲಿ ಎಷ್ಟೇ ಭದ್ರವಾಗಿ ಇಟ್ಟಿದ್ದರೂ, ಜೊತೆಯಲ್ಲಿ ಅಕ್ಷರಮಾಲೆಯನ್ನು ಇಡದೆ ಹೋಗಿದ್ದರೆ, ಇಟ್ಟದ್ದು ಪುಸ್ತಕವನ್ನಲ್ಲ, ಪುಸ್ತಕದ ಬೂದಿಯನ್ನು. ಮುದ್ರಕನಿಗೆ ಕಳುಹಿಸುವಾಗ ಅಕ್ಷರಗಳನ್ನೆಲ್ಲ ಗೆರೆಗಳನ್ನಾಗಿ ಪರಿವರ್ತಿಸುವ ಉಪಾಯ ಎಲ್ಲರಿಗೂ ತಿಳಿದದ್ದೇ. ಹಾಗೆ ಮಾಡಿದ ಮೇಲೆ ಅದು ಅಕ್ಷರವಲ್ಲ, ಚಿತ್ರ. ವರನ ತಂದೆಯ ಹೆಸರಿನಲ್ಲಿ ಒಂದು ಒತ್ತು ತಪ್ಪಿದ್ದರೂ ತಿದ್ದಲು ಬಾರದು. ಆದುದರಿಂದ ತಿದ್ದಬಲ್ಲ ಮೂಲ, ಬಳಸಿದ ಅಕ್ಷರಮಾಲೆ, ಗೆರೆಯಾಗಿಸಿದ ಪ್ರತಿ, ಯಾರೂ ತೆರೆಯಬಲ್ಲ ಪಿಡಿಎಫ್, ಈ ನಾಲ್ಕೂ ಒಂದೇ ಕೋಶದಲ್ಲಿ ಇದ್ದರೆ ಮಾತ್ರ ಕೆಲಸ ಉಳಿಯಿತೆನ್ನಬಹುದು.

ಇಷ್ಟೆಲ್ಲ ಎಚ್ಚರ ವಹಿಸಿದವರೂ ಒಂದು ಕಡೆ ಎಡವುತ್ತಾರೆ. ಗಣಕಯಂತ್ರದ ಕೋಶವನ್ನು ಮೋಡದ ಕೋಶಕ್ಕೆ ಜೋಡಿಸಿಬಿಟ್ಟರೆ ಎರಡು ಪ್ರತಿಗಳಾದುವೆಂದು ಅವರ ಭಾವನೆ. ಅದು ಎರಡು ಪ್ರತಿಯಲ್ಲ, ಒಂದೇ ಪ್ರತಿಯ ಎರಡು ಮುಖ, ಕನ್ನಡಿಯಂತೆ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಇಲ್ಲಿ ಕೆಟ್ಟರೆ ಅಲ್ಲಿಯೂ ಕೆಡುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ ಅಳಿಸಿದ ಕಡತ 30 ದಿನ ಮಾತ್ರ ಇರುತ್ತದೆ. ಚಿತ್ರ, ವಿನ್ಯಾಸ ಮುಂತಾದವುಗಳ ಹಳೆಯ ಆವೃತ್ತಿಗಳೂ, ಶಾಶ್ವತವಾಗಿ ಇಡಬೇಕೆಂದು ಗುರುತು ಹಾಕದಿದ್ದಲ್ಲಿ, 30 ದಿನ ಅಥವಾ 100 ಆವೃತ್ತಿಗಳ ಮೇಲೆ ನಿಲ್ಲುವುದಿಲ್ಲ. ಜಾತ್ರೆಯ ಫಲಕದ ಕಡತ ಬೇಕಾಗುವುದು ಎರಡು ವರ್ಷಗಳ ಅನಂತರ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 1998ರಲ್ಲಿ ಪಿಕ್ಸಾರ್ ಸಂಸ್ಥೆಯವರು ‘ಟಾಯ್ ಸ್ಟೋರಿ 2’ ಚಿತ್ರವನ್ನು ತಯಾರಿಸುತ್ತಿದ್ದಾಗ, ಯಾರೋ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಬಹುಭಾಗ ಕಣ್ಣೆದುರಿನಲ್ಲಿಯೇ ಅಳಿಸಿಹೋಯಿತು. ಕಾಪಿಟ್ಟ ಪ್ರತಿಯನ್ನು ತೆಗೆದು ನೋಡಿದರೆ ಅದೂ ಸರಿಯಾಗಿರಲಿಲ್ಲ. ಚಿತ್ರವನ್ನು ಉಳಿಸಿದ್ದು ಗ್ಯಾಲಿನ್ ಸಸ್ಮನ್ ಎಂಬ ಮಹಿಳೆ. ಹಸುಗೂಸಿನ ತಾಯಿಯಾಗಿದ್ದುದರಿಂದ ಆಕೆ ಮನೆಯಲ್ಲಿಯೇ ಕುಳಿತು ಕೆಲಸ ಮಾಡುತ್ತಿದ್ದಳು. ಅದಕ್ಕಾಗಿ ಒಂದು ಪ್ರತಿ ಅವಳ ಮನೆಯ ಯಂತ್ರದಲ್ಲಿತ್ತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಆಸನದಲ್ಲಿ ಮಗುವಿನಂತೆ ಜೋಪಾನವಾಗಿ ತಂದರಂತೆ. ಆ ಬಳಿಕ ಕಥೆ ಮೆಚ್ಚಿಗೆಯಾಗದೆ ಚಿತ್ರದ ಬಹುಪಾಲನ್ನು ಮತ್ತೆ ಹೊಸದಾಗಿ ಮಾಡಿದರೆಂಬುದು ಬೇರೆಯ ಮಾತು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ಒಂದು ಕೇಂದ್ರವೇ ಸುಟ್ಟುಹೋಯಿತು. ಕೆಲವು ಗಿರಾಕಿಗಳ ಮೂಲವೂ ಪ್ರತಿಯೂ ಅದೇ ಆವರಣದಲ್ಲಿದ್ದುವು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಿಯೋನಿನಲ್ಲಿ ಬ್ಯಾಟರಿಗೆ ಹತ್ತಿದ ಬೆಂಕಿಯಲ್ಲಿ ಸರ್ಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟ್ ಸಂಗ್ರಹ ನಾಶವಾಯಿತು. ಗಾತ್ರ ಬಹಳವಾದುದರಿಂದ ಬೇರೆ ಕಡೆ ಪ್ರತಿ ಇಟ್ಟಿರಲಿಲ್ಲವೆಂದು ಅಧಿಕಾರಿಗಳು ಸಮಾಧಾನ ಹೇಳಿದರು. ಒಂದು ರಾಷ್ಟ್ರಕ್ಕೇ ಹೀಗಾದ ಮೇಲೆ ಅಶೋಕ ರಸ್ತೆಯ ಅಂಗಡಿಯ ಪಾಡೇನು? ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ಸೂತ್ರವನ್ನು ಪ್ರಚುರಪಡಿಸಿದಾತ ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕನೆಂಬುದು ಗಮನಾರ್ಹ. ದಾವಣಗೆರೆಯ ಅಂಗಡಿಗೆ ಹರಿಹರದ ತಂಗಿಯ ಮನೆಯ ಬೀರುವೇ ಬೇರೆ ಸ್ಥಳವಾಗಬಲ್ಲುದು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಬಾಡಿಗೆಯ ಚೀಟಿ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ. ಮೂವರು ಕೆಲಸಗಾರರ ಒಂದು ಅಂಗಡಿಯನ್ನು ಊಹಿಸಿಕೊಳ್ಳಬಹುದು. ಜಾಣನಾದ ಹುಡುಗನೊಬ್ಬ ತನ್ನ ಸ್ವಂತ ಖಾತೆಯಲ್ಲಿ ಕೋಶಗಳನ್ನು ತೆರೆದು ಎಲ್ಲರಿಗೂ ಹಂಚುತ್ತಾನೆ. ಎರಡು ವರ್ಷ ಸುಗಮವಾಗಿ ನಡೆಯುತ್ತದೆ. ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ಅವನು ದ್ರೋಹವನ್ನೇನೂ ಬಗೆಯುವುದಿಲ್ಲ; ಸ್ಥಳ ತುಂಬಿತೆಂದು ಹಳೆಯದನ್ನು ಅಳಿಸುತ್ತಾನೆ, ಅಷ್ಟೇ. ಅಂಗಡಿಯ ಎರಡು ವರ್ಷಗಳ ದುಡಿಮೆ ಅಲ್ಲಿಗೆ ಮುಗಿಯಿತು. ಕಾನೂನಿನಲ್ಲಿ ನೌಕರನು ನೌಕರಿಯ ಅಂಗವಾಗಿ ರಚಿಸಿದ್ದು ಯಜಮಾನನದೇ. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದೇ ಎಂದು 1957ರ ಕೃತಿಸ್ವಾಮ್ಯ ಶಾಸನದ 17ನೆಯ ವಿಧಿ ಹೇಳುತ್ತದೆ. ಮದುವೆಯ ಮನೆಯವರು ಇದನ್ನು ತಿಳಿದಿರುವುದು ಮೇಲು. ಆದರೆ ಹಕ್ಕು ಇದ್ದ ಮಾತ್ರಕ್ಕೆ ಅಳಿಸಿಹೋದ ಕಡತ ಮರಳಿ ಬಾರದು. ಚಿತ್ರಗಳನ್ನು ಒಂದು ಡಿಸ್ಕಿಗೆ ಇಳಿಸಿಕೊಡಬೇಕೆಂದು ಮುಂಗಡ ಕೊಡುವ ದಿನವೇ ಕೇಳಿಬಿಡುವುದು ಸುಲಭ. ಎರಡು ವರ್ಷಗಳ ಮೇಲೆ ಕೇಳುವುದು ಕಷ್ಟ.

ಖಾತೆಯ ಯಜಮಾನನೇ ಇಲ್ಲವಾದರೆ? ಗೂಗಲ್ 2013ರಲ್ಲಿ ಇದಕ್ಕೊಂದು ವ್ಯವಸ್ಥೆ ಮಾಡಿತು. ಖಾತೆ ಇಷ್ಟು ತಿಂಗಳು ಮೌನವಾಗಿದ್ದರೆ ಇಂಥವರಿಗೆ ತಿಳಿಸಿ, ಕಡತಗಳನ್ನು ಅವರಿಗೆ ಕೊಡಿ ಎಂದು ಮೊದಲೇ ಬರೆದಿಡಬಹುದು. ಬರೆದಿಡದೆ ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು 2023ರ ಡಿಸೆಂಬರಿನಿಂದ ಅಳಿಸುವ ನಿಯಮ ಬಂದಿದೆ. ಗುಪ್ತಪದ ಹೆಂಡತಿಗೆ ಗೊತ್ತಿದ್ದರೂ ಸಾಲದು, ಒಳಗೆ ಹೋಗಲು ಫೋನಿಗೆ ಬರುವ ಸಂಖ್ಯೆ ಬೇಕು. ದುಃಖದ ದಿನಗಳಲ್ಲಿ ಮನೆಯವರು ಮೊದಲು ನಿಲ್ಲಿಸುವುದು ಆ ಫೋನಿನ ಖರ್ಚನ್ನೇ. ನಿಂತ ಸಂಖ್ಯೆ 90 ದಿನಗಳ ಬಳಿಕ ಇನ್ನಾರಿಗೋ ಸೇರಬಹುದು. ಆಗ ಚಿತ್ರಶಾಲೆಯ ಬೀಗದ ಕೈ ಅಪರಿಚಿತನೊಬ್ಬನ ಜೇಬಿಗೆ ಬರುತ್ತಿರುತ್ತದೆ. ಫೋನಿಲ್ಲದೆಯೂ ಒಳಹೋಗಲು ಗೂಗಲ್ ಹತ್ತು ಮುಂಜಾಗ್ರತಾ ಸಂಖ್ಯೆಗಳನ್ನು ಕೊಡುತ್ತದೆ. ಅವನ್ನು ಒಂದು ಹಾಳೆಯಲ್ಲಿ ಬರೆದು, ಜೀವವಿಮೆಯ ಪತ್ರಗಳ ಕಟ್ಟಿನಲ್ಲಿ ಸೇರಿಸಿಟ್ಟ ಮನೆಯಲ್ಲಿ ಈ ತೊಂದರೆ ಬಾರದು.